ಹೆಸರಿನ ಕೊನೆಯ ‘ಶಾನುಭಾಗ’: ಹೊರಗಿನವರಿಗೊಂದು ಉತ್ತರ

ನಿಮ್ಮ ಪಕ್ಕದ ಮನೆಯವರ ಹೆಸರಿನ ಕೊನೆಗಿರುವ ಶಾನುಭಾಗ ಅಂದರೆ ಕೊಂಕಣಿಗರಲ್ಲಿ ಒಂದು ಒಳಜಾತಿಯಾ ಎಂದು ಕೇಳಿದ್ದೀರಿ. ಅಲ್ಲ. ಅದೊಂದು ಹುದ್ದೆ, ಊರಿನ ಭೂಮಿಲೆಕ್ಕ ಬರೆದಿಡುತ್ತಿದ್ದವರ ಹುದ್ದೆ. ಮಂಗಳೂರು, ಉಡುಪಿಯ ಕಡೆ ಈ ಹೆಸರಿನವರಲ್ಲಿ ಗೌಡ ಸಾರಸ್ವತರು ಮತ್ತು ಚಿತ್ರಾಪುರ ಸಾರಸ್ವತರು ಹೆಚ್ಚು ಎನ್ನುವುದು ನಿಜ. ಬೇರೆ ಬ್ರಾಹ್ಮಣ ಮನೆತನಗಳಲ್ಲೂ ಉಂಟು. ಹಾಗಾಗಿ ಹೆಸರು ಕೇಳಿ ಮನೆಮಾತು ಕೊಂಕಣಿ ಎಂದು ಊಹಿಸಬಹುದು, ಖಚಿತ ಮಾಡಿಕೊಳ್ಳಬೇಡಿ. ಕಾಸರಗೋಡಿನ ಕೂಡ್ಲು ಶ್ಯಾನುಭಾಗರ ಹೆಸರು ಯಕ್ಷಗಾನ ಬಲ್ಲವರಿಗೆಲ್ಲ ಗೊತ್ತು.

ಶಾನುಭಾಗ, ಶ್ಯಾನುಭಾಗ, ಶಾನಭಾಗ, ಶಾನುಭೋಗ, ಶ್ಯಾನುಭೋಗ ಎಲ್ಲ ಒಂದೇ. ಹಳೆಯ ಕನ್ನಡ ಶಾಸನಗಳಲ್ಲಿ ‘ಸೇನಬೋವ’ ಎಂದು ಬರುವವನೂ ಇವನೇ. ದಾನಪತ್ರದ ಕೊನೆಗೆ ಬರೆದವನ ಹೆಸರಿನ ಜೊತೆ ಇದು ಕಾಣುತ್ತದೆ. ಇಂಗ್ಲಿಷಿನಲ್ಲಿ ಪ್ರತಿ ಮನೆಯವರೂ ತಮಗೆ ತೋಚಿದ ಹಾಗೆ ಬರೆಯುತ್ತಾರೆ. ಒಂದೇ ಮನೆಯ ಅಣ್ಣತಮ್ಮಂದಿರ ಪಾಸ್‌ಪೋರ್ಟುಗಳಲ್ಲಿ ಎರಡು ಸ್ಪೆಲ್ಲಿಂಗ್ ಇದ್ದರೆ ಗಾಬರಿ ಬೇಡ. ಆಸ್ತಿ ಪಾಲಾಗುವ ಹೊತ್ತಿಗೆ ಮಾತ್ರ ಅದು ತಲೆನೋವು: ಎರಡೂ ಹೆಸರು ಒಬ್ಬರದ್ದೇ ಎಂದು ಅಫಿಡವಿಟ್ ಕೊಡಬೇಕಾಗುತ್ತದೆ.

ಇದೇ ಕೆಲಸ ಬೇರೆ ಊರಿಗೆ ಹೋದರೆ ಹೆಸರು ಬೇರೆ. ಧಾರವಾಡ, ಬೆಳಗಾವಿಯ ಕಡೆ ಕುಲಕರ್ಣಿ. ತೆಲುಗು ಸೀಮೆಯಲ್ಲಿ ಕರಣಂ. 2000ದ ಸಿಡ್ನಿ ಒಲಿಂಪಿಕ್ಸಿನಲ್ಲಿ ಭಾರ ಎತ್ತಿ ಕಂಚು ತಂದ ಕರಣಂ ಮಲ್ಲೇಶ್ವರಿಯ ಮನೆಹೆಸರು ಅದೇ ಹುದ್ದೆಯದು. ನಮಗೆ ತೆಂಕಣ ನೆರೆಯ ಮಲಬಾರಿನಲ್ಲಿ ಅಂಶದ, ಅಂದರೆ ಕಂದಾಯ ಗ್ರಾಮದ, ಮುಖ್ಯಸ್ಥ ‘ಅಧಿಕಾರಿ’, ಲೆಕ್ಕ ಬರೆಯುವವ ‘ಮೇನೋನ್’. ಕಾಸರಗೋಡು 1956ರ ನವೆಂಬರ್ 1ರ ತನಕ ದಕ್ಷಿಣ ಕನ್ನಡದ್ದೇ ತಾಲೂಕು, ಹಾಗಾಗಿ ಅಲ್ಲಿ ಇದ್ದದ್ದು ಮೇನೋನ್ ಅಲ್ಲ, ಶಾನುಭೋಗರೇ. ಮಂಜೇಶ್ವರ, ಕುಂಬಳೆಯ ಹಳೆಯ ಜಾಗದ ಕಾಗದಗಳು ಕನ್ನಡದಲ್ಲಿ ಇರುವುದೂ ಇದರಿಂದಲೇ. ಅಲ್ಲಿಯ ಈಗಿನ ವಿಲೇಜ್ ಆಫೀಸಿನಲ್ಲಿ ಮಲಯಾಳ ಮಾತ್ರ ಓದಬಲ್ಲವರು ಕೂತಿದ್ದರೆ ಅಂಥ ಕಾಗದ ಹಿಡಿದು ಹೋದವರ ಪಾಡು ಹೇಳಿ ಸುಖವಿಲ್ಲ.

ಇನ್ನು ಈ ಶಾನುಭೋಗರು ಎಂತ ಮಾಡುತ್ತಿದ್ದರು ಎನ್ನುವುದು. ಮದ್ರಾಸ್ ಸರಕಾರದ ಕಾಲದಲ್ಲಿ ನಮ್ಮ ಗ್ರಾಮಗಳಲ್ಲಿ ಮೂರು ಜನ: ಪಟೇಲರು, ಶಾನುಭೋಗರು, ಉಗ್ರಾಣಿ. ಪಟೇಲರು ತೀರ್ವೆ, ಅಂದರೆ ಭೂಕಂದಾಯ, ವಸೂಲು ಮಾಡುವವರು, ಊರಿನ ಜಗಳಕ್ಕೆ ಮೊದಲ ಕಿವಿ. ಉಗ್ರಾಣಿ ಜನರನ್ನು ಕರೆಸುವವ, ನೋಟೀಸು ಮುಟ್ಟಿಸುವವ. ಶಾನುಭೋಗರ ಕೈಯಲ್ಲಿ ಪುಸ್ತಕ. ಯಾವ ಸರ್ವೆ ನಂಬ್ರದಲ್ಲಿ ಎಷ್ಟು ಜಾಗ, ಯಾರ ವರ್ಗ (ಪಟ್ಟೆಯ ಒಡೆತನ), ಯಾರು ಗೇಣಿ, ಈ ಸಲ ಬೆಳೆ ಎಂತದ್ದು, ತೀರ್ವೆ ಎಷ್ಟು, ಬಾಕಿ ಎಷ್ಟು ಎಂಬುದೆಲ್ಲ ಅದರಲ್ಲಿ. ಗದ್ದೆಗೆ ಹೋಗಿ ಬೆಳೆ ನೋಡಿ ಅಡಂಗಲ್, ಅಂದರೆ ಬೆಳೆ, ಸಾಗುವಳಿಯ ಪುಸ್ತಕ, ಬರೆಯಬೇಕು, ಕಿಸ್ತು ಕಟ್ಟಿದವರ ಲೆಕ್ಕ ಇಡಬೇಕು, ವರ್ಷದ ಜಮಾಬಂದಿಗೆ ಎಲ್ಲವನ್ನೂ ತಾಳೆ ಮಾಡಿ ತಾಲೂಕು ಕಚೇರಿಗೆ ಒಯ್ಯಬೇಕು. ಊರಲ್ಲಿ ಗತ್ತು ಪಟೇಲರದ್ದು. ಆದರೆ ಹತ್ತು ವರ್ಷ ಕಳೆದು ವ್ಯಾಜ್ಯ ಬಂದಾಗ ಗೆಲ್ಲಿಸುವುದು, ಸೋಲಿಸುವುದು ಶಾನುಭೋಗರ ಒಂದು ಸಾಲು. ಜನ ಅವರನ್ನು ಗೌರವಿಸಿದ್ದೂ ಬೈದದ್ದೂ ಅದಕ್ಕೇ. ಕೆಲಸವಿಲ್ಲದ ಶಾನುಭೋಗ ಹಳೇ ಲೆಕ್ಕ ತೆಗೆದ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ.

ಕಾಗದ ಬರುವ ಮೊದಲು ಲೆಕ್ಕ ಇದ್ದದ್ದು ಕಡತದಲ್ಲಿ. ಈಗ ಕಚೇರಿಯ ಯಾವ ಫೈಲಿಗೂ ಕಡತ ಎನ್ನುತ್ತೇವೆ, ಮೂಲದಲ್ಲಿ ಅದು ಬಟ್ಟೆಯ ಪುಸ್ತಕ. ಉದ್ದನೆಯ ಹತ್ತಿ ಬಟ್ಟೆಗೆ ಹುಣಸೆಬೀಜದ ಅಂಟಿನಲ್ಲಿ ಇದ್ದಿಲಪುಡಿ ಕಲಸಿ ಬಳಿಯುವುದು, ಒಣಗಿಸುವುದು, ಗಟ್ಟಿ ಕಪ್ಪು ಹಲಗೆಯ ಹಾಗಾಗುವ ತನಕ ಮತ್ತೆ ಬಳಿಯುವುದು. ಆಮೇಲೆ ಹಿಂದೆ ಮುಂದೆ ಮಡಿಸಿ ಎರಡು ತುದಿಗೆ ಮರದ ಪಟ್ಟಿ. ಬರೆಯುವುದು ಬಳಪದಿಂದ. ತಪ್ಪಾದರೆ ಒದ್ದೆ ಬಟ್ಟೆಯಲ್ಲಿ ಒರೆಸಿ ಪುನಃ ಬರೆಯಬಹುದು. ಇದರ ಅನುಕೂಲವೂ ಅದೇ, ಕೇಡೂ ಅದೇ: ಒರೆಸಿದ್ದು ಗೊತ್ತಾಗುವುದಿಲ್ಲ. ನಮ್ಮ ಕರಾವಳಿಯಲ್ಲಿ ಇನ್ನೂ ಎರಡು ತೊಂದರೆ. ಆಟಿ ತಿಂಗಳ ಮಳೆಗೆ ಬೂಸ್ಟು ಹಿಡಿಯುತ್ತದೆ, ಅಂಟಿನ ರುಚಿಗೆ ಹುಳ ಬರುತ್ತದೆ. ಮಡಿಕೆಯ ಗೆರೆಯಲ್ಲಿ ಲೇಪ ಒಡೆದು ಸರಿಯಾಗಿ ಅಲ್ಲಿಯ ಅಂಕಿಯೇ ಉದುರುತ್ತದೆ. ಶೃಂಗೇರಿ ಮಠದ ಕಡತಗಳು ಉಳಿದುಕೊಂಡದ್ದು ಜತನ ಮಾಡುವವರು ಇದ್ದುದರಿಂದ. ಮನೆಗಳಲ್ಲಿ ಅಟ್ಟದ ಮೇಲೆ ಬಿಸಾಡಿದವು ಹೆಚ್ಚಾಗಿ ಮಣ್ಣಾದವು.

ಕೆಳದಿ ಅರಸರ ಕಾಲದಲ್ಲಿ, ಅಂದರೆ ಶಿವಪ್ಪ ನಾಯಕನ ‘ಶಿಸ್ತು’ ಎಂಬ ಕಂದಾಯದ ಕಟ್ಟು ಬಂದಾಗ, ಜಾಗ ಇಂಥದ್ದು, ಕಂದಾಯ ಇಷ್ಟು ಎಂದು ಗ್ರಾಮ ಗ್ರಾಮದಲ್ಲಿ ಬರೆದಿಡುವ ಕೆಲಸ ಬಿಗಿಯಾಯಿತು. ಹೈದರ್, ಟಿಪ್ಪು ಅದರ ಮೇಲೆ ‘ಶಾಮಿಲು’ ಎಂದು ಹೆಚ್ಚುವರಿ ಹೇರಿದರು. 1799ರಲ್ಲಿ ಕೆನರಾ, ಅಂದರೆ ನಮ್ಮ ಕರಾವಳಿ ಸೀಮೆ, ಈಸ್ಟ್ ಇಂಡಿಯಾ ಕಂಪೆನಿ ಸರಕಾರಕ್ಕೆ ಬಂದು ಥಾಮಸ್ ಮನ್ರೋ ಮೊದಲ ಕಲೆಕ್ಟರಾದಾಗ ಅವನೂ ಈ ಹಳೆಯ ಲೆಕ್ಕಗಳನ್ನೇ ಬಿಚ್ಚಿ ಕೂತದ್ದು. ಅರಸರು ಬದಲಾದರೂ ಬರೆಯುವವರು ಬೇಕೇ ಬೇಕಿತ್ತಲ್ಲ. ಮನೆತನಗಳಿಗೆ ಹುದ್ದೆಯೇ ಹೆಸರಾಗಿ ಅಂಟಿದ್ದು ಹೀಗೆ. ಮನೆಯಲ್ಲಿ ಮಕ್ಕಳು ಅಕ್ಷರದ ಜೊತೆಗೇ ಅಂಕಿ, ಗೇಣಿ, ಬಡ್ಡಿ ಕಲಿತರು, ಅಪ್ಪನ ಪುಸ್ತಕ ಮಗನಿಗೆ ಬಂತು.

ಸಾರಸ್ವತರಲ್ಲಿ ಹೀಗೆ ಹುದ್ದೆ, ಕಸುಬುಗಳಿಂದ ಬಂದ ಹೆಸರು ಬೇರೆಯೂ ಉಂಟು. ಭಂಡಾರ್ಕರ್ ಉಗ್ರಾಣ, ಖಜಾನೆ ನೋಡಿಕೊಂಡವರು. ಇಂಥ ಹೆಸರುಗಳ ಒಂದು ಎಡವಟ್ಟು ಹೇಳಿಬಿಡುತ್ತೇನೆ: ನಮ್ಮಲ್ಲಿ ಭಂಡಾರಿ ಎಂಬುವವರು ಬಂಟರಲ್ಲೂ ಇದ್ದಾರೆ, ಕ್ಷೌರದ ಕುಲಕಸುಬಿನ ಸಮುದಾಯದಲ್ಲೂ ಇದ್ದಾರೆ. ನಾಯಕ್ ಎಂದರಂತೂ ಐದಾರು ಸಮುದಾಯ. ಮದುವೆ ಮನೆಯಲ್ಲಿ ಹೆಸರು ಕೇಳಿದ ಕೂಡಲೇ ‘ಓ, ನೀವು ಅವರಾ’ ಎನ್ನುವ ಚಾಳಿ ಬಿಡುವುದು ಒಳ್ಳೆಯದು.

ಹೆಸರು ಬಲ್ಲವರಿಗೆ ನೆನಪಾಗುವ ಕೆಲವರನ್ನು ಹೇಳಬೇಕೆಂದರೆ, ಉಡುಪಿಯಲ್ಲಿ ಮೊದಲು ಡಾ. ರವೀಂದ್ರನಾಥ ಶಾನುಭಾಗ. ಔಷಧಶಾಸ್ತ್ರದ ಪ್ರಾಧ್ಯಾಪಕರಾಗಿದ್ದವರು, ಬಳಕೆದಾರರ ಹಕ್ಕಿನ ಹೋರಾಟದಿಂದ ಶುರುಮಾಡಿ ಮಾನವ ಹಕ್ಕುಗಳ ರಕ್ಷಣಾ ಪ್ರತಿಷ್ಠಾನ ನಡೆಸಿದವರು. ಎಂಡೋಸಲ್ಫಾನ್ ಕೀಟನಾಶಕದ ಸಂತ್ರಸ್ತರ ವಿಷಯದಲ್ಲಿ ಅವರ ದನಿ ಈ ಜಿಲ್ಲೆಗಳಿಗೆ ಪರಿಚಿತ. ಸಾಹಿತ್ಯದವರಿಗೆ ವಿವೇಕ ಶಾನಭಾಗ. ‘ದೇಶ ಕಾಲ’ ಪತ್ರಿಕೆಯ ಸಂಪಾದಕರಾಗಿದ್ದರು, ಅವರ ಕತೆ ಇಂಗ್ಲಿಷಿಗೆ ಹೋಗಿ ಹೊರದೇಶದಲ್ಲೂ ಓದುಗರನ್ನು ಪಡೆಯಿತು. ಮುಂಬೈಯಲ್ಲಿ ಸ್ಟ್ರ್ಯಾಂಡ್ ಬುಕ್ ಸ್ಟಾಲ್ ಕಟ್ಟಿದ ಟಿ. ಎನ್. ಶಾನಭಾಗ 1948ರಲ್ಲಿ ಸ್ಟ್ರ್ಯಾಂಡ್ ಸಿನೆಮಾ ಮಂದಿರದ ಒಳಗೆ ಸಣ್ಣದಾಗಿ ಪುಸ್ತಕ ಮಾರಾಟ ಶುರುಮಾಡಿದವರು. ಪುಸ್ತಕ ಮಾರುವವರಿಗೆ ಪದ್ಮಶ್ರೀ ಬಂದದ್ದು ಅಪರೂಪ, ಅವರಿಗೆ 2003ರಲ್ಲಿ ಬಂತು.

ದೇಶಕ್ಕೆಲ್ಲ ಗೊತ್ತಿರುವ ಹೆಸರು ಅರುಣಾ ಶಾನಭಾಗ. ಹೊನ್ನಾವರ ತಾಲೂಕಿನ ಹಳದೀಪುರದವರು, ಮುಂಬೈಯ ಕೆಇಎಂ ಆಸ್ಪತ್ರೆಯಲ್ಲಿ ದಾದಿ. 1973ರ ನವೆಂಬರಿನಲ್ಲಿ ಅಲ್ಲೇ ನಡೆದ ಹಲ್ಲೆಯಿಂದ ಮಿದುಳಿಗೆ ಪೆಟ್ಟಾಗಿ 2015ರ ಮೇ 18ರಂದು ತೀರಿಕೊಳ್ಳುವ ತನಕ ಹಾಸಿಗೆಯಲ್ಲೇ ಇದ್ದರು. ಅಷ್ಟೂ ವರ್ಷ ನೋಡಿಕೊಂಡದ್ದು ಆ ಆಸ್ಪತ್ರೆಯ ದಾದಿಯರು. ಅವರ ಪ್ರಕರಣದಲ್ಲೇ ಸುಪ್ರೀಂ ಕೋರ್ಟು 2011ರ ಮಾರ್ಚ್ 7ರಂದು, ಬದುಕಿಸಿಟ್ಟ ಚಿಕಿತ್ಸೆಯನ್ನು ನಿಲ್ಲಿಸಲು ಯಾವ ಸಂದರ್ಭದಲ್ಲಿ ಹೈಕೋರ್ಟು ಅನುಮತಿ ಕೊಡಬಹುದು ಎಂದು ಹೇಳಿತು. ಅರುಣಾ ಅವರ ಮಟ್ಟಿಗೆ ಅನುಮತಿ ಕೊಡಲಿಲ್ಲ.

ಹುದ್ದೆ ಹೋದದ್ದು ಹೇಗೆ ಎಂದರೆ, ರಾಜ್ಯ ಸರಕಾರ 1961ರಲ್ಲಿ ಗ್ರಾಮ ಹುದ್ದೆಗಳ ರದ್ದತಿ ಕಾಯ್ದೆ ಮಾಡಿತು, 1963ರ ಫೆಬ್ರವರಿ 1ರಿಂದ ಜಾರಿ. ಪಟೇಲರೂ ಹೋದರು, ಶಾನುಭೋಗರೂ ಹೋದರು. ಅವರ ಜಾಗಕ್ಕೆ ಸರಕಾರಿ ಸಂಬಳದ ವಿಲೇಜ್ ಅಕೌಂಟೆಂಟರು ಬಂದರು. ಈಗ ಅವರ ಬೋರ್ಡಿನಲ್ಲಿ ‘ಗ್ರಾಮ ಆಡಳಿತ ಅಧಿಕಾರಿ’ ಎಂದಿದೆ, ಊರವರ ಬಾಯಲ್ಲಿ ‘ವಿಎ’ ಎಂದೇ. ಶಾನುಭಾಗ ಎಂಬ ಹೆಸರಿನವರು ವಿಎ ಆಗಿದ್ದರೆ ಅದು ಕಾಕತಾಳೀಯ, ಸರಕಾರಕ್ಕೆ ಅರ್ಜಿ ಹಾಕಿ ನೇಮಕವಾದವರು. ಕಾಸರಗೋಡು ಅಷ್ಟು ಹೊತ್ತಿಗೆ ಕೇರಳಕ್ಕೆ ಸೇರಿಯಾಗಿತ್ತು, ಅಲ್ಲಿಯ ಬದಲಾವಣೆ ಬೇರೆ ಕಾನೂನಿನದು.

ನೀವು ಕೇಳಿದ್ದು ಹೆಸರಿನ ವಿಷಯ. ಆದರೆ ಈ ಹೆಸರಿನ ಬೆನ್ನು ಹತ್ತುವವರು ಕೊನೆಗೆ ಹಳೆಯ ಕಾಗದಕ್ಕೆ ಬಂದೇ ಬರುತ್ತಾರೆ. ಶಾನುಭೋಗರ ಬರಹ ಓದುವಾಗ ಹೊರಗಿನವರು ಎಡವುವ ನಾಲ್ಕೈದು ಕಡೆ ಇವೆ.

ಮೊದಲನೆಯದು ಫಸಲಿ ವರ್ಷ, ಅಂದರೆ ಕಂದಾಯ ಲೆಕ್ಕದ ವರ್ಷ. ಜುಲೈ 1ರಿಂದ ಜೂನ್ 30. ಜುಲೈಯಿಂದ ಡಿಸೆಂಬರ್ ಒಳಗಿನ ತಾರೀಕಾದರೆ ಫಸಲಿಗೆ 590 ಕೂಡಿಸಿ, ಜನವರಿಯಿಂದ ಜೂನ್ ಆದರೆ 591. ಫಸಲಿ 1350ರ ಮಾರ್ಚ್ ಎಂದರೆ 1941. ಯಾವಾಗಲೂ 590 ಕೂಡಿಸಿದರೆ ಅರ್ಧ ಕಾಗದಗಳಿಗೆ ಒಂದು ವರ್ಷ ತಪ್ಪುತ್ತದೆ. ಫಸಲಿ 1276ಕ್ಕೆ ವಿಶೇಷ ಮಹತ್ವ ಉಂಟು: ಅದಕ್ಕಿಂತ ಮೊದಲಿನ ಕದೀಂ (ಹಳೆಯ) ವರ್ಗ ಜಾಗಕ್ಕೆ ತಾಗಿ 100 ಗಜದ ಒಳಗಿನ ಸರಕಾರಿ ಜಾಗದಿಂದ ಸೊಪ್ಪು, ಕಟ್ಟಿಗೆ ತರುವ ಸವಲತ್ತೇ ಕುಮ್ಕಿ. ಕುಮ್ಕಿ ಸವಲತ್ತು, ಒಡೆತನ ಅಲ್ಲ. ‘ಎರಡು ಎಕರೆ ವರ್ಗ, ಮೂರೆಕರೆ ಕುಮ್ಕಿ’ ಎಂದು ಬ್ರೋಕರು ಹೇಳಿದರೆ ದುಡ್ಡು ಕೊಡುವುದು ಎರಡಕ್ಕೆ ಮಾತ್ರ ಎಂದು ತಿಳಿದುಕೊಳ್ಳಿ.

ಎರಡನೆಯದು ಸೆಂಟ್ಸು. ನಮ್ಮದು ಮದ್ರಾಸಿನ ಅಳತೆ, ಎಕರೆಗೆ 100 ಸೆಂಟ್ಸ್. ಘಟ್ಟದ ಮೇಲೆ, ಹಾಗೆಯೇ 1862ರಲ್ಲಿ ಮುಂಬೈ ಪ್ರಾಂತಕ್ಕೆ ಹೋದ ಉತ್ತರ ಕನ್ನಡದಲ್ಲಿ, ಎಕರೆಗೆ 40 ಗುಂಟೆ. ಶಿರೂರು ದಾಟಿ ಭಟ್ಕಳಕ್ಕೆ ಕಾಲಿಟ್ಟರೆ ಭಾಷೆ ಬದಲಾಗುವುದಿಲ್ಲ, ಶಾನಭಾಗರೂ ಆಚೆ ಈಚೆ ಇಬ್ಬದಿಯಲ್ಲೂ ಇದ್ದಾರೆ, ಅಳತೆ ಮಾತ್ರ ಬದಲು. ಒಂದು ಗುಂಟೆಗೆ ಎರಡೂವರೆ ಸೆಂಟ್ಸ್. ಒಂದು ಸೆಂಟಿಗೆ 435.6 ಚದರಡಿ. ಉಡುಪಿಯ ಕಾಗದದಲ್ಲಿ 0-25 ಎಂದಿದ್ದರೆ ಕಾಲು ಎಕರೆ. ಕುಮಟಾದ ಕಾಗದದಲ್ಲಿ ಅದೇ 0-25 25 ಗುಂಟೆ, ಅರ್ಧ ಎಕರೆಗಿಂತ ಜಾಸ್ತಿ, ಅಂದರೆ 62.5 ಸೆಂಟ್ಸ್. ಈ ಒಂದು ತಪ್ಪಿನಿಂದ ಪಾಲುಪಟ್ಟಿಗಳು ಜಗಳಕ್ಕೆ ಹೋಗುವುದುಂಟು.

ಗದ್ದೆಯ ಜಾತಿ ಓದಲು ಬೈಲು, ಮಜಲು, ಬೆಟ್ಟು ಗೊತ್ತಿರಬೇಕು. ಬೈಲು ತಗ್ಗಿನದು, ನೀರು ನಿಲ್ಲುವುದು, ಏಣೇಲು, ಸುಗ್ಗಿ, ಕೊಳಕೆ ಮೂರೂ ಬೆಳೆ ಬರಬಹುದು. ಮಜಲಿಗೆ ಎರಡು. ಬೆಟ್ಟಿಗೆ ಮಳೆಯ ಒಂದೇ. ಗಮನಿಸಿ, ಇಲ್ಲಿ ಬೆಟ್ಟು ಎಂದರೆ ಗುಡ್ಡ ಅಲ್ಲ, ಎತ್ತರದ ಗದ್ದೆ. ಸರಕಾರಿ ಭಾಷೆಯಲ್ಲಿ ನಂಜ, ಪುಂಜ, ಬಾಗಾಯ್ತು ಎಂದರೆ ಕ್ರಮವಾಗಿ ತರಿ (ನೀರಿನ ಗದ್ದೆ), ಖುಷ್ಕಿ (ಒಣ ಭೂಮಿ), ತೋಟ. ಗೇಣಿ ಅಕ್ಕಿಯ ಮುಡಿಯಲ್ಲಿ ಬರೆದಿರುತ್ತದೆ: 14 ಸೇರಿಗೆ ಒಂದು ಕಳಸೆ, ಮೂರು ಕಳಸೆಗೆ, ಅಂದರೆ 42 ಸೇರಿಗೆ, ಒಂದು ಮುಡಿ.

ರೂಪಾಯಿಯ ಭಾಗ ಬರೆಯುವುದಕ್ಕೆ ಗೀಟುಗಳಿದ್ದವು. ನಿಂತ ಗೀಟು ಒಂದಕ್ಕೆ ಕಾಲು ರೂಪಾಯಿ, ಅಂದರೆ ನಾಲ್ಕಾಣೆ. ಮಲಗಿದ ಗೀಟು ಒಂದಕ್ಕೆ ಒಂದಾಣೆ. ಅಂಕಿಯ ಮುಂದೆ ಎರಡು ನಿಂತ ಗೀಟು, ಒಂದು ಮಲಗಿದ ಗೀಟು ಕಂಡರೆ ಒಂಬತ್ತಾಣೆ. ನಿಂತ ಗೀಟನ್ನು ಇಂಗ್ಲಿಷಿನ ಒಂದು ಎಂದು ಓದಿ ತೀರ್ವೆಯನ್ನು ಹತ್ತು ಪಟ್ಟು ಮಾಡಿದವರಿದ್ದಾರೆ. ಅಕ್ಷರ ಮೋಡಿಯಲ್ಲಿದ್ದರೆ, ಅಂದರೆ ಲೇಖನಿ ಎತ್ತದೆ ಕೂಡಿಸಿ ಬರೆದಿದ್ದರೆ, ಒಬ್ಬರೇ ಕೂತು ತಲೆ ಕೆಡಿಸಿಕೊಳ್ಳಬೇಡಿ. ಅದೇ ಶಾನುಭೋಗರು ಬರೆದ, ಊರು, ಹೆಸರು ನಿಮಗೆ ಮೊದಲೇ ಗೊತ್ತಿರುವ ಇನ್ನೊಂದು ಕಾಗದ ಪಕ್ಕಕ್ಕಿಟ್ಟು ಅಕ್ಷರ ಹೊಂದಿಸಿ. ಪ್ರತಿಯೊಬ್ಬರದ್ದೂ ಬೇರೆ ಕೈ, ಒಬ್ಬರ ‘ರ’ ಇನ್ನೊಬ್ಬರ ‘ಠ’.

ಮೂಲಗೇಣಿ, ಚಾಲಗೇಣಿಯ ವ್ಯತ್ಯಾಸವೂ ಈ ಬರಹಗಳಲ್ಲೇ ಇರುತ್ತದೆ. ಮೂಲಗೇಣಿ ಶಾಶ್ವತ, ಗೇಣಿ ಏರಿಸುವ ಹಾಗಿಲ್ಲ, ಮಕ್ಕಳಿಗೆ ಇಳಿಯುತ್ತದೆ. ಚಾಲಗೇಣಿ ಒಡೆಯ ಬಿಡಿಸಬಹುದಾದದ್ದು. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣೆಯಲ್ಲಿ ಸಾಗುವಳಿಯ ಗೇಣಿ ಜಾಗ ಸರಕಾರಕ್ಕೆ ಸೇರಿ, ಒಕ್ಕಲುಗಳು ಜಾಗ ತಮಗೆ ಕೊಡಿ ಎಂದು ನಮೂನೆ 7ರಲ್ಲಿ ಡಿಕ್ಲರೇಶನ್ ಕೊಟ್ಟರು. ಆಗ ಟ್ರಿಬ್ಯೂನಲಿನ ಮುಂದೆ ತೋರಿಸಲು ಬೇಕಾದದ್ದು ಗೇಣಿ ರಶೀದಿ ಮತ್ತು ಅಡಂಗಲಿನ ಸಾಲು. ಶಾನುಭಾಗ ಎಂಬ ಹೆಸರಿನ ಎಷ್ಟೋ ಮನೆಗಳು ಸ್ವತಃ ಒಡೆಯರಾಗಿ ಜಾಗ ಕಳಕೊಂಡದ್ದೂ ಇದೇ ಸಾಲುಗಳ ಆಧಾರದಲ್ಲಿ. ಹಾಗಾಗಿ ಈ ಹೆಸರು ಕೇಳಿದೊಡನೆ ದೊಡ್ಡ ಜಮೀನುದಾರರು ಎಂದುಕೊಳ್ಳುವುದೂ ಸರಿಯಲ್ಲ. ಈಗ ಇವರಲ್ಲಿ ಬ್ಯಾಂಕಿನವರು, ಹೋಟೆಲಿನವರು, ಡಾಕ್ಟರುಗಳು, ಬೆಂಗಳೂರು, ಮುಂಬೈಯಲ್ಲಿ ಕಂಪ್ಯೂಟರ್ ಕೆಲಸದವರು ಎಲ್ಲ ಇದ್ದಾರೆ. ನಿಮ್ಮ ಪಕ್ಕದ ಮನೆಯವರ ಅಜ್ಜ ಯಾವ ಗ್ರಾಮದ ಪುಸ್ತಕ ಬರೆದಿದ್ದರು ಎಂದು ತಿಳಿಯಬೇಕಾದರೆ, ಮೊದಲು ಅವರ ಮೂಲಮನೆಯ ಗ್ರಾಮದ ಹೆಸರು ಕೇಳಿ. ಆ ಊರಿನ ಹಳೆಯ ಪಟ್ಟೆಯೋ ಗೇಣಿಚೀಟಿಯೋ ಸಿಕ್ಕಿದರೆ ಕೊನೆಯಲ್ಲಿ ಬರೆದವರ ಸಹಿ ನೋಡಿ. ಹುದ್ದೆಯ ಶಾನುಭೋಗರಾಗಿದ್ದರೆ ಹೆಸರಿನ ಜೊತೆಗೆ ಗ್ರಾಮದ ಹೆಸರನ್ನೂ ಹಾಕಿರಬಹುದು.