ಈ ಕಥೆಯಲ್ಲಿ ನೀವು ಯಾರು, ಮೇಸ್ತ್ರಿ?

(ಗುರುತು ಸಿಗಬಹುದಾದ ವಿವರಗಳನ್ನು ಬದಲಿಸಿದ್ದೇನೆ. ಬರೆಯಲು ಅವರ ಒಪ್ಪಿಗೆ ಇದೆ.)

ಬಳ್ಳಾರಿಯ ಒಂದು ಜೀನ್ಸ್ ಹೊಲಿಗೆ ಘಟಕದ ಮೇಸ್ತ್ರಿ ಇವರು. ಹದಿನೈದು ವರ್ಷ ಕಟಿಂಗ್ ಟೇಬಲ್ ಮುಂದೆ ನಿಂತವರು. ಎಂಟು ತಿಂಗಳ ಹಿಂದೆ ಇಪ್ಪತ್ತೆರಡು ಜನರನ್ನು ನೋಡಿಕೊಳ್ಳುವ ಕೆಲಸ ಬಂತು. ಸಲಹೆ ಕೇಳಲು ನನ್ನ ಹತ್ತಿರ ಬಂದಿದ್ದು ನಿದ್ದೆ ಬರಲ್ಲ ಅಂತ. ಮಾತಾಡುತ್ತಾ ಹೋದ ಹಾಗೆ ಸಿಟ್ಟಿನ ವಿಷಯ ಹೊರಬಿತ್ತು.

"ನಾನೇನು ಕಡಿಮೆ ಮಾಡಿದ್ದೀನಿ ಹೇಳಿ ಮೇಡಂ? ದಿನಾ ಬೆಳಿಗ್ಗೆ ಮಷಿನ್ ಶುರು ಮಾಡೋ ಮುಂಚೆ ಒಂದು ಒಳ್ಳೆ ಕಥೆ ಹೇಳ್ತೀನಿ. ಒಬ್ಬರೂ ಬದಲಾಗಲ್ಲ."

ಕಥೆಗಳೆಲ್ಲ ಫೋನಿಗೆ ಬಂದವು. ಹಿಂದಿನ ವಾರ ಹದ್ದಿನ ಕಥೆ ಹೇಳಿದ್ದರು. ನಲವತ್ತು ವರ್ಷಕ್ಕೆ ಹದ್ದು ತನ್ನ ಕೊಕ್ಕನ್ನು ಬಂಡೆಗೆ ಬಡಿದು ಒಡೆದುಕೊಳ್ಳುತ್ತೆ, ಹೊಸ ಕೊಕ್ಕು ಬಂದ ಮೇಲೆ ಇನ್ನೂ ಮೂವತ್ತು ವರ್ಷ ಬದುಕುತ್ತೆ, ನೀವೂ ಹಾಗೆ ಬದಲಾಗಬೇಕು ಅಂತ. ದಾರ ಕತ್ತರಿಸುವ ಹುಡುಗ ಫೋನ್ ನೋಡಿ, "ಅದು ಸುಳ್ಳಂತೆ ಅಣ್ಣ. ಕೊಕ್ಕಿಲ್ದೆ ಹದ್ದು ಏನು ತಿನ್ನುತ್ತೆ?" ಅಂದ. ಎಲ್ಲರೂ ನಕ್ಕರು. ಇವರು ಹುಡುಗನನ್ನು ಅವತ್ತು ಮನೆಗೆ ಕಳಿಸಿಬಿಟ್ಟರು.

ಹುಡುಗ ಹೇಳಿದ್ದೇ ಸರಿ. ಕೊಕ್ಕು ಮುರಿದ ಹದ್ದು ಹಸಿವಿನಿಂದ ಸಾಯುತ್ತೆ.

ಕಥೆ ಹೇಳೋದು ಬಿಡಿ ಅಂತ ನಾನು ಅನ್ನಲಿಲ್ಲ. ಫೋನಿನದ್ದಲ್ಲದ, ನಿಮ್ಮ ಮನಸ್ಸಿಗೆ ಹಿಡಿಸಿದ ಒಂದು ಕಥೆ ಹೇಳಿ ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು ಟಿಬಿ ಡ್ಯಾಮಿನ (ಹೊಸಪೇಟೆ ಹತ್ತಿರದ ತುಂಗಭದ್ರಾ ಅಣೆಕಟ್ಟಿನ) ಗೇಟಿನ ಕಥೆ ತೆಗೆದರು. 2024ರ ಆಗಸ್ಟ್ 10ರ ರಾತ್ರಿ 19ನೇ ಗೇಟಿನ ಚೈನ್ ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಅದು. ಅವರ ಅಣ್ಣನ ಭತ್ತದ ಗದ್ದೆ ಕಾಲುವೆ ನೀರನ್ನೇ ನಂಬಿದೆ. ಒಂದು ವಾರ ಮನೆಯಲ್ಲಿ ಯಾರಿಗೂ ಸರಿಯಾಗಿ ಊಟ ಸೇರಿರಲಿಲ್ಲ. ಕೊನೆಗೆ ನಿವೃತ್ತ ತಜ್ಞ ಕನ್ನಯ್ಯ ನಾಯ್ಡು ಮತ್ತು ಅವರ ತಂಡ ಹರಿಯುವ ನೀರಿನಲ್ಲೇ ಗೇಟಿನ ಜಾಗ ಮುಚ್ಚುವ ಉಕ್ಕಿನ ಹಲಗೆ, ಅಂದರೆ ಸ್ಟಾಪ್‌ಲಾಗ್ ಇಳಿಸಿದ್ದನ್ನು ಎದ್ದು ನಿಂತು, ಕೈಯಾಡಿಸಿ ತೋರಿಸಿದರು. ಹದ್ದಿನ ಕಥೆ ಹೇಳಿದ ಮನುಷ್ಯ ಇವರೇನಾ ಅನ್ನಿಸಿತು.

"ಈ ಕಥೆಯಲ್ಲಿ ನೀವು ಯಾರು?" ಅಂತ ಕೇಳಿದೆ.

ನಕ್ಕರು. "ಬಯಲಾಟದ ಸಾರಥಿ ಕೇಳಿದಂಗೆ ಕೇಳ್ತೀರಲ್ಲ!" ಬಯಲಾಟದ ಒಂದು ಬಗೆಯಾದ ದೊಡ್ಡಾಟದಲ್ಲಿ ರಾಜನೇ ರಂಗಕ್ಕೆ ಬಂದರೂ ಸಾರಥಿ ಬಿಡುವುದಿಲ್ಲ. ನೀವು ಯಾರು, ಇಲ್ಲಿಗೆ ಬಂದ ಕಾರಣವೇನು ಅಂತ ಬಾಯಿ ಬಿಡಿಸುತ್ತಾನೆ. "ನಾನಾ? ನಾಯ್ಡು ಅವರ ಜಾಗದಲ್ಲಿ ಇರಬೇಕು ಅಂತ ಆಸೆ" ಅಂದರು.

"ಸರಿ. ನಿಮ್ಮಲ್ಲಿ ಚೈನ್ ಯಾರು?"

ಉತ್ತರ ಬರಲು ತುಂಬಾ ಹೊತ್ತು ಹಿಡಿಯಿತು. ಬೆಲ್ಟ್ ಮಷಿನಿನ ಅಕ್ಕ ಅಂದರು. ಅರ್ಜೆಂಟ್ ಆರ್ಡರ್ ಬಂದಾಗಲೆಲ್ಲ ಪ್ಯಾಂಟಿನ ಸೊಂಟಪಟ್ಟಿ ಅವರೊಬ್ಬರ ಕೈಯಲ್ಲೇ ದಾಟಬೇಕು. ಇನ್ನೊಬ್ಬರಿಗೆ ಕಲಿಸಿ ಅಂತ ಅಕ್ಕ ಎರಡು ಸಲ ಕೇಳಿದ್ದರಂತೆ. ಇವರು ಉತ್ತರವಾಗಿ ಇರುವೆ ಕಥೆ ಹೇಳಿದ್ದರು. ಈಗ ಅಕ್ಕ ಕೆಲಸ ಬಿಡ್ತೀನಿ ಅಂತಿದ್ದಾರೆ. ಡ್ಯಾಮಿನವರು ಚೈನ್ ತುಂಡಾದ ರಾತ್ರಿ ಮೊದಲು ಏನು ಮಾಡಿದರು ಅಂತ ನೆನಪಿಸಿದೆ. ಇರುವ 33ರಲ್ಲಿ ಉಳಿದ ಗೇಟುಗಳನ್ನೂ ತೆರೆದು ಭಾರ ಹಂಚಿದರು. ಅಷ್ಟು ಹೇಳಿದ್ದಕ್ಕೇ ಅವರು ಚೀಟಿ ಕೇಳಿ ಇಬ್ಬರು ಹೊಲಿಗೆಯವರ ಹೆಸರು ಬರೆದುಕೊಂಡರು.

ನಾನು ಕೊಟ್ಟ ಸಲಹೆ ಜಾಸ್ತಿ ಏನಿಲ್ಲ. ಒಂದು ತಿಂಗಳು ಫೋನಿನ ಕಥೆ ಬೇಡ. ವಾರಕ್ಕೊಂದು ಸಾಕು, ಅದೂ ಇದೇ ಕೆಲಸದ್ದು, ನೀವು ಎಡವಿದ್ದು. ಕೊನೆಗೆ "ಆದ್ದರಿಂದ ನೀವೆಲ್ಲ" ಅನ್ನಬೇಡಿ. (ಈ ಚಟ ನನಗೂ ಇತ್ತು. ಟೀಚರ್ ಮಗಳು ನಾನು.) ಕಥೆ ಮುಗಿದ ಮೇಲೆ ಸಾರಥಿ ಆಗಿ, ಅವರನ್ನು ಮಾತಾಡಿಸಿ. ಹುಡುಗನಿಗೆ ಅವನ ಒಂದು ದಿನದ ಕೂಲಿ ಕೊಡಿ. ಎರಡು ವಾರ ಕಳೆದರೂ ನಿದ್ದೆ ಹೀಗೇ ಇದ್ದರೆ ಮನೋವೈದ್ಯರನ್ನು ಕಾಣಲೇಬೇಕು ಅಂತಲೂ ಹೇಳಿದೆ.

ಎಡವಿದ್ದು ಯಾವುದು ಅಂತ ಯೋಚಿಸುವಾಗ ಅವರ ಮುಖ ಸಣ್ಣದಾಯಿತು. ಕಟಿಂಗ್‌ನಲ್ಲಿದ್ದಾಗ ಒಮ್ಮೆ 32 ಸೈಜಿನ ಕಟ್ಟಿಗೆ 34ರ ಚೀಟಿ ಹಾಕಿದ್ದರು. ತಪ್ಪು ಗೊತ್ತಾಗಿದ್ದು ಮಾಲು ವಾಷಿಂಗ್‌ಗೆ ಹೋಗಿ ಬಂದ ಮೇಲೆ. ಬೈಗುಳ ತಿಂದಿದ್ದು ಹೊಲಿದ ಟೇಲರ್. ಪೀಸ್ ಲೆಕ್ಕದ ದುಡ್ಡೂ ಅವರದ್ದೇ ಕಡಿತವಾಯಿತು. ಇವರು ಬಾಯಿ ಬಿಡಲಿಲ್ಲ. ಆ ಟೇಲರ್ ಈಗಲೂ ಅಲ್ಲೇ, ಮೂರನೇ ಓವರ್‌ಲಾಕ್ ಮಷಿನಿನಲ್ಲಿ ಕೂರುತ್ತಾರೆ.

ಇದನ್ನು ಎಲ್ಲರ ಮುಂದೆ ಹೇಳುವ ಮೊದಲು ಅವರೊಬ್ಬರ ಹತ್ತಿರ ಹೇಳಿ, ದುಡ್ಡಿನ ಜೊತೆಗೆ ಹೋಗಿ ಅಂದೆ. ಎಲ್ಲರ ಮುಂದೆ ಹೇಳಬಹುದಾ ಅಂತ ಅವರನ್ನೇ ಕೇಳಿ ಅಂದೆ.

ಮೂರು ವಾರದ ನಂತರ ಬಂದರು. ನಿದ್ದೆ ಪರವಾಗಿಲ್ಲ. ಬೆಲ್ಟ್ ಮಷಿನಿನ ಅಕ್ಕ ಒಬ್ಬ ಹುಡುಗಿಗೆ ಕಲಿಸುತ್ತಿದ್ದಾರೆ. ಬಿಡುವ ಮಾತು ಮಾತ್ರ ಇನ್ನೂ ವಾಪಸ್ ತಗೊಂಡಿಲ್ಲ.

"ಟೇಲರ್ ಏನಂದರು?" ಅಂತ ಕೇಳಿದೆ.

"ಮಷಿನ್ ನಿಲ್ಲಿಸಿ ಪೂರ್ತಿ ಕೇಳಿದರು. 'ಅವತ್ತೇ ಗೊತ್ತಿತ್ತು, ಚೀಟಿ ಮೇಲೆ ನಿನ್ನ ಕೈಬರಹ ಇತ್ತಲ್ಲ' ಅಂದರು. ದುಡ್ಡು ಎಣಿಸಿ ಜೇಬಿಗೆ ಹಾಕಿಕೊಂಡು ಮತ್ತೆ ಪೆಡಲ್ ತುಳಿದರು."