ಗ್ಯಾರೇಜ್ ಪ್ರಶ್ನೋತ್ತರ: ಯುದ್ಧಕಾಲದ ಜೀಪು, ಕರಾವಳಿಯ ತುಕ್ಕು

ಪ್ರಶ್ನೆ: ನನ್ನಲ್ಲಿರುವುದು 1944ರ ವಿಲ್ಲಿಸ್ ಎಂಬಿ ಜೀಪು. ನೆಲದ ತಗಡಿಗೆ ಎರಡು ಸಲ ಪ್ಯಾಚ್ ಹಾಕಿಸಿ ಬಣ್ಣ ಹೊಡೆಸಿದೆ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ತುಕ್ಕು ಅದೇ ಗೆರೆಯಲ್ಲಿ ಮತ್ತೆ ಏಳುತ್ತದೆ. ಯಾಕೆ?
– ಓದುಗರು, ಮಲ್ಪೆ

ಉತ್ತರ: ತುಕ್ಕು ಆ ಗೆರೆಯ ಕೆಳಗಿನಿಂದ ಬರುತ್ತಿದೆ. ಈ ಜೀಪಿನ ನೆಲಕ್ಕೆ ಬಲ ಕೊಡಲು ಅಡಿಯಲ್ಲಿ ಟೋಪಿಯಾಕಾರದ ಚಾನೆಲ್‌ಗಳಿವೆ. ಅವುಗಳೊಳಗೆ ಮರದ ಪಟ್ಟಿ ತುಂಬಿಸಿಯೇ ಕಾರ್ಖಾನೆಯಿಂದ ಬರುತ್ತಿತ್ತು. ಆ ಮರ ಒಮ್ಮೆ ನೀರು ಕುಡಿದರೆ ಬೇಗ ಒಣಗದು. ಜೊತೆಗೆ ನಿಮ್ಮೂರಿನ ಉಪ್ಪುಗಾಳಿ. ಮೇಲಿನಿಂದ ಎಷ್ಟು ಪ್ಯಾಚ್ ಹಾಕಿದರೂ ದುಡ್ಡು ದಂಡ.

ಬಾಡಿಯನ್ನು ಚಾಸಿಸ್‌ನಿಂದ ಎತ್ತಲೇಬೇಕು. ಎತ್ತುವ ಮೊದಲು ಎರಡೂ ಬದಿಯ ಹತ್ತುವ ಜಾಗಕ್ಕೆ ಅಡ್ಡಲಾಗಿ ಆಂಗಲ್ ಕಬ್ಬಿಣ ಬೆಸೆಯಿರಿ. ಬಾಗಿಲಿಲ್ಲದ ಬಾಡಿ ಬಾಗುವುದು ಅಲ್ಲೇ. ಸ್ಪಾಟ್ ವೆಲ್ಡ್‌ಗಳನ್ನು (ಚುಕ್ಕೆ ಚುಕ್ಕೆಯಾಗಿ ಹಾಕಿದ ಬೆಸುಗೆ) ಡ್ರಿಲ್ ಮಾಡಿ ಚಾನೆಲ್ ಬಿಡಿಸಿ. ಗಟ್ಟಿ ತಗಡು ಸಿಗುವವರೆಗೆ ನೆಲ ಕತ್ತರಿಸಿ, 18 ಗೇಜ್ ದಪ್ಪದ ಹೊಸ ತಗಡು ಕೂರಿಸಿ. ಬೆಸುಗೆ ಬೀಳುವ ಅಂಚಿಗೆ ಸತುವಿನ ವೆಲ್ಡಿಂಗ್ ಪ್ರೈಮರ್, ಉಳಿದೆಡೆ ಎರಡು ಕೋಟ್ ಎಪಾಕ್ಸಿ ಪ್ರೈಮರ್. ಎಲ್ಲ ಮುಗಿದ ಮೇಲೆ ಚಾನೆಲ್ ಒಳಗೆ ಮೇಣ ಸಿಂಪಡಿಸಿ. ಬೋಲ್ಟು ಬಿಗಿಯುವಾಗ ಚಾನೆಲ್ ಚಪ್ಪಟೆಯಾಗಬಾರದಲ್ಲ, ಅದಕ್ಕಾಗಿ ಬೋಲ್ಟು ಹಾಯುವ ಕಡೆ ಮಾತ್ರ ಎಪಾಕ್ಸಿ ಹಚ್ಚಿದ ಮರದ ತುಂಡು ಇಡಿ. ಪೂರ್ತಿ ಪಟ್ಟಿಯೇ ಬೇಕೆಂದು ಹಟ ಹಿಡಿಯುವವರು ಕರಾವಳಿಯಲ್ಲಿ ಜೀಪು ಇಟ್ಟವರಲ್ಲ.

ತುಕ್ಕು ತೆಗೆಯಲು ಕಡಲ ಮರಳು ಊದಿಸಬೇಡಿ. ಉಪ್ಪು ತಗಡಿನಲ್ಲೇ ಕೂರುತ್ತದೆ, ಸಿಲಿಕಾ ದೂಳು ಶ್ವಾಸಕೋಶಕ್ಕೆ ಹೋಗುತ್ತದೆ. ಬಣ್ಣದ ಕೆಲಸ ಮಳೆ ಬಿಟ್ಟ ಮೇಲೆಯೇ ಆಗಲಿ: ತಗಡಿನ ಉಷ್ಣತೆ ಇಬ್ಬನಿ ಬಿಂದುವಿಗಿಂತ (ಗಾಳಿಯ ತೇವ ನೀರಾಗಿ ಕೂರುವ ಉಷ್ಣತೆ) ಕನಿಷ್ಠ 3 ಡಿಗ್ರಿ ಮೇಲಿರಬೇಕು. ಗಾಳಿಯಲ್ಲಿ 27 ಡಿಗ್ರಿ ಉಷ್ಣತೆ, ಶೇ. 90 ತೇವ ಇದ್ದರೆ ಆ ಅಂತರ 2 ಡಿಗ್ರಿಯೂ ಇರುವುದಿಲ್ಲ. ಕಣ್ಣಿಗೆ ಕಾಣದ ನೀರಿನ ಪೊರೆಯ ಮೇಲೆ ಪ್ರೈಮರ್ ಬೀಳುತ್ತದೆ.

ಪ್ರಶ್ನೆ: ಇದೇ ಮಾದರಿಯ ಜೀಪು. ಎಡಬದಿಯ ಚಕ್ರದ ನಟ್ಟು ಬಿಚ್ಚುತ್ತಿಲ್ಲ. ಪೈಪು ಸಿಕ್ಕಿಸಿ ತಿರುಗಿಸಿದಾಗ ಒಂದು ಸ್ಟಡ್ ಮುರಿಯಿತು.
– ಓದುಗರು, ಸುರತ್ಕಲ್

ಉತ್ತರ: ನೀವು ಬಿಗಿ ಮಾಡುತ್ತಿದ್ದೀರಿ. ಎಡಬದಿಯ ಎರಡೂ ಚಕ್ರಗಳಿಗೆ ಎಡಮರೆ, ಅಂದರೆ ಉಲ್ಟಾ ತಿರುಗುವ ಥ್ರೆಡ್ ಇರುತ್ತದೆ. ಪ್ರದಕ್ಷಿಣೆಯಾಗಿ ತಿರುಗಿಸಿದರೆ ಬಿಚ್ಚುತ್ತದೆ. ಹೊಸ ಸ್ಟಡ್ ಕೊಳ್ಳುವಾಗಲೂ ಎಡಮರೆಯದೇ ಕೇಳಿ.

ಪ್ರಶ್ನೆ: ಡೀಸೆಲ್ ಎಂಜಿನ್ ಕೂರಿಸಿದ ಜೀಪಿಗೆ ವಿಂಟೇಜ್ ನೋಂದಣಿ ಸಿಗುತ್ತದೆಯೇ? ಮಿಲಿಟರಿ ಹಸಿರು ಬಣ್ಣ ಹೊಡೆಸಬಹುದೇ?
– ಓದುಗರು, ಕದ್ರಿ

ಉತ್ತರ: 2021ರ ನಿಯಮದಂತೆ 50 ವರ್ಷ ದಾಟಿ ಮೂಲರೂಪದಲ್ಲೇ ಉಳಿದ ಖಾಸಗಿ ವಾಹನಕ್ಕೆ ಮಾತ್ರ ವಿಂಟೇಜ್ ನೋಂದಣಿಯ ‘ವಿಎ’ ಸಂಖ್ಯೆ. ಹೊಸ ನೋಂದಣಿಗೆ ಶುಲ್ಕ 20,000 ರೂ., ಅವಧಿ 10 ವರ್ಷ, ದಿನಬಳಕೆಗೆ ಅವಕಾಶವಿಲ್ಲ. ಎಂಜಿನ್ ಬದಲಾಗಿದ್ದರೆ ಅರ್ಹತೆ ಹೋಯಿತು, 2.2 ಲೀಟರಿನ ಮೂಲ ಸೈಡ್ ವಾಲ್ವ್ ಪೆಟ್ರೋಲ್ ಎಂಜಿನ್ ಹುಡುಕಿ ಕೂರಿಸುವುದೇ ದಾರಿ. ಇನ್ನು ಆಲಿವ್ ಹಸಿರು: ಕೇಂದ್ರ ಮೋಟಾರು ವಾಹನ ನಿಯಮ 121ರ ಪ್ರಕಾರ ಆ ಬಣ್ಣ ರಕ್ಷಣಾ ಇಲಾಖೆಯ ವಾಹನಗಳಿಗೆ ಮೀಸಲು. ರಸ್ತೆಗಿಳಿಸುವ ಆಸೆ ಇದ್ದರೆ ಬೇರೆ ಬಣ್ಣ ಆರಿಸಿ, ಅದನ್ನು ಆರ್‌ಸಿಯಲ್ಲೂ ನಮೂದಿಸಿಕೊಳ್ಳಿ.