ಕೊಡಗಿನಲ್ಲಿ ಹಾವು ಸಾಕಿ ಮರಿ ಮಾರುವುದಾದರೆ ಯಾವ ಜಾತಿಯಿಂದ ಶುರು ಮಾಡಲಿ?

ಸೋಮವಾರಪೇಟೆ ಕಡೆ ತೋಟವಿದೆ, ಒಂದು ಕೋಣೆ ಖಾಲಿ ಇದೆ, ಬಾಲ್ ಪೈಥಾನ್ (ಹೆಬ್ಬಾವಿನ ಕುಲದ ಒಂದು ಸಣ್ಣ ಹಾವು) ಸಾಕಿ ಮರಿ ಮಾರೋಣ ಅಂತಿದ್ದೇನೆ ಎಂದು ಬರೆದಿದ್ದೀರಿ. ನಾನು ಮಡಿಕೇರಿ ಹತ್ತಿರ ಕಾರ್ನ್ ಸ್ನೇಕ್ ಎಂಬ ವಿಷವಿಲ್ಲದ ಹಾವು ಸಾಕುತ್ತಿರುವವನು. ನನ್ನ ಕೇಳಿದರೆ ನೀವೂ ಅದರಿಂದಲೇ ಶುರು ಮಾಡಿ.

ತೋಟದಲ್ಲಿ ಸಿಗುವ ಹೆಬ್ಬಾವು, ಕಾಳಿಂಗದ ಆಸೆ ಎಲ್ಲಾದರೂ ಇದ್ದರೆ ಈಗಲೇ ಬಿಡಿ. ಹೆಬ್ಬಾವು ವನ್ಯಜೀವಿ ಕಾಯ್ದೆಯ ಮೊದಲ ಅನುಸೂಚಿಯಲ್ಲಿದೆ, ಸಿಕ್ಕಿಬಿದ್ದರೆ 3ರಿಂದ 7 ವರ್ಷ ಜೈಲು. ಬಾಲ್ ಪೈಥಾನ್ ಆಫ್ರಿಕಾದ್ದು, ಸಾಕಬಹುದು. ಆದರೆ ಸೈಟ್ಸ್ (ವನ್ಯಜೀವಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಯಲ್ಲಿರುವುದರಿಂದ, ಕಾಯ್ದೆಯ 2022ರ ತಿದ್ದುಪಡಿಯ ನಂತರ ಪ್ರತಿ ಹಾವನ್ನೂ ನೋಂದಾಯಿಸಬೇಕು. ಮರಿ ಹುಟ್ಟಿದರೂ ಕೈ ಬದಲಾದರೂ ಕೇಂದ್ರ ಪರಿಸರ ಸಚಿವಾಲಯದ ಪರಿವೇಶ್ ಪೋರ್ಟಲ್‌ನಲ್ಲಿ ತಿಳಿಸಬೇಕು. ಅಮೆರಿಕದ ಕಾರ್ನ್ ಸ್ನೇಕ್ ಆ ಪಟ್ಟಿಯಲ್ಲಿಲ್ಲ. ಹಾಗಂತ ಖರೀದಿಯ ಬಿಲ್ ಇಲ್ಲದ ಹಾವು ಕೊಳ್ಳಬೇಡಿ.

ಕಾಗದಪತ್ರಕ್ಕಿಂತ ದೊಡ್ಡ ತಲೆನೋವು ನಮ್ಮ ಮಳೆ. ಬಾಲ್ ಪೈಥಾನ್ ಮೊಟ್ಟೆಗೆ ಸುಮಾರು ಎರಡು ತಿಂಗಳು 31-32 ಡಿಗ್ರಿ ಶಾಖ ಬೇಕು. ಜುಲೈನಲ್ಲಿ ಮರ ಬಿದ್ದು ಎರಡು ದಿನ ಕರೆಂಟಿಲ್ಲದಿದ್ದರೆ ಯಾವ ಯುಪಿಎಸ್ ತಡೆಯುತ್ತೆ? ಇಷ್ಟು ಕಷ್ಟಪಟ್ಟರೂ ಒಂದು ಸಲಕ್ಕೆ ಸಿಗೋದು ಆರೇಳು ಮೊಟ್ಟೆ. ಕಾರ್ನ್ ಸ್ನೇಕ್ ಹತ್ತಕ್ಕೆ ಕಮ್ಮಿ ಇಡುವುದು ಅಪರೂಪ, ಅವಕ್ಕೆ 28 ಡಿಗ್ರಿ ಸಾಕು. ಇನ್ನೊಂದು ಲಾಭ: ಕಾರ್ನ್ ಸ್ನೇಕ್ ಕೂಡುವ ಮೊದಲು ಒಂದಷ್ಟು ವಾರ ತಣ್ಣಗಿದ್ದರೆ ಒಳ್ಳೆಯದು, ಬೆಂಗಳೂರಿನವರು ಅದಕ್ಕೆ ಏಸಿ ಹಾಕುತ್ತಾರಂತೆ. ನಮಗೆ ಡಿಸೆಂಬರ್-ಜನವರಿಯ ಚಳಿ ಪುಕ್ಕಟೆ. ಮಾರ್ಚ್‌ನಲ್ಲಿ ಕೂಡಿಸಿದರೆ ಮಳೆ ಹಿಡಿಯುವ ಮೊದಲೇ ಮೊಟ್ಟೆ ಬರುತ್ತವೆ.

ಬಣ್ಣದ ವಿಷಯದಲ್ಲಿ ನಾನು ಕೈ ಸುಟ್ಟುಕೊಂಡವನು. ಆಗ ಎಲ್ಲರೂ ಕೇಳುತ್ತಿದ್ದ ಒಂದು ದುಬಾರಿ ಬಣ್ಣದ ಜೋಡಿಯ ಮರಿ ತಂದೆ. ಅವು ದೊಡ್ಡವಾಗಿ ಮೊಟ್ಟೆ ಇಡುವಷ್ಟರಲ್ಲಿ ಮೂರು ವರ್ಷ ಕಳೆದಿತ್ತು, ಅಷ್ಟರಲ್ಲಿ ಆ ಬಣ್ಣ ಊರೆಲ್ಲ ಆಗಿ ಬೆಲೆ ಇಳಿದಿತ್ತು. ಬಾಲ್ ಪೈಥಾನ್ ಲೋಕದಲ್ಲಂತೂ ಇದು ಇನ್ನೂ ಜೋರು. ಅದಕ್ಕೇ ಈಗ ಸಾಧಾರಣ ಕೆಂಪು, ಜೊತೆಗೆ ಅಲ್ಬಿನೊ (ಹುಟ್ಟಿನಿಂದಲೇ ಕಪ್ಪು ಬಣ್ಣವಿಲ್ಲದ್ದು), ಇಷ್ಟೇ. ಅಲ್ಬಿನೊ ಗುಣ ಒಳಗೆ ಅಡಗಿರುವ ಎರಡು ಕೆಂಪು ಹಾವು ಕೂಡಿಸಿದರೆ ಸರಾಸರಿ ನಾಲ್ಕಕ್ಕೆ ಒಂದು ಅಲ್ಬಿನೊ ಬರುತ್ತೆ, ಮೊದಲ ಸಲ ಕೊಳ್ಳುವವರು ಅದನ್ನೇ ಕೇಳೋದು.

ಹಾವು ತರುವ ಮೊದಲು ಆರು ತಿಂಗಳು ಬರೀ ಇಲಿ ಸಾಕಿ ನೋಡಿ. ಮರಿ ಹಾವಿಗೆ ರೋಮ ಬಾರದ ಇಲಿಮರಿ ಬೇಕು, ಅದು ಕುಶಾಲನಗರದ ಅಂಗಡಿಯಲ್ಲಿ ಸಿಗಲ್ಲ. ನಮ್ಮಮ್ಮ ಹಾವಿನ ಕೋಣೆ ಗುಡಿಸಿ ಬರ್ತಾರೆ, ಇಲಿ ಶೆಡ್ಡಿನ ಕಡೆ ಮಾತ್ರ ತಲೆ ಹಾಕಲ್ಲ.